ಶಿಸ್ತೂ ಒಂದು ಪಾಠವೇ: ಹೊಸ ಶಾಲಾ ವರ್ಷಕ್ಕೆ ತರಗತಿ ನಿರ್ವಹಣೆಯ ಯೋಜನೆ ಹೀಗಿರಲಿ

ಮಾರ್ಚ್ ಮುಗಿಯುವ ಹೊತ್ತಿಗೆ ಕತಾರಿನ ಭಾರತೀಯ ಶಾಲೆಗಳ ಶಿಕ್ಷಕರ ಕೈಗೆ ಹೊಸ ತರಗತಿಯ ಪಟ್ಟಿ ಬರುತ್ತದೆ. ದೋಹಾ ಅಲ್ ಜದೀದಾ, ನಜ್ಮಾ, ಮನ್ಸೂರಾಗಳಂಥ ಹಳೆಯ ಬಡಾವಣೆಗಳ ಫ್ಲಾಟುಗಳಲ್ಲಿ ಆ ದಿನಗಳಲ್ಲಿ ಊಟದ ಮೇಜಿನ ತುಂಬ ಚಾರ್ಟ್ ಪೇಪರು, ಸ್ಕೆಚ್ ಪೆನ್ನು, ಪಠ್ಯಪುಸ್ತಕಗಳೇ. ಮಂಗಳೂರು, ಉಡುಪಿ, ಕಾಸರಗೋಡು, ಮೈಸೂರು, ಹುಬ್ಬಳ್ಳಿ ಕಡೆಗಳಿಂದ ಹೋಗಿ ಅಲ್ಲಿ ಪಾಠ ಹೇಳುವ ಕನ್ನಡದ ಶಿಕ್ಷಕಿಯರು ಪಾಠ ಯೋಜನೆಯನ್ನು ಅಚ್ಚುಕಟ್ಟಾಗಿ ಬರೆಯುತ್ತಾರೆ. ಯಾವ ವಾರ ಯಾವ ಅಧ್ಯಾಯ, ಯಾವಾಗ ಕಿರುಪರೀಕ್ಷೆ ಎಂಬುದೆಲ್ಲ ಅದರಲ್ಲಿರುತ್ತದೆ. ಆದರೆ ಮೂವತ್ತು ಮಕ್ಕಳು ಒಳಗೆ ಬರುವುದು ಹೇಗೆ, ಕೂರುವುದು ಎಲ್ಲಿ, ನೀರು ಕುಡಿಯಲು ಏಳುವುದು ಯಾವಾಗ, ಗಲಾಟೆ ಶುರುವಾದರೆ ಶಿಕ್ಷಕಿ ಮೊದಲು ಏನು ಮಾಡಬೇಕು ಎಂಬುದು ಮಾತ್ರ ಹೆಚ್ಚಿನವರ ಮನಸ್ಸಿನಲ್ಲೇ ಉಳಿದುಬಿಡುತ್ತದೆ. ಕಾಗದಕ್ಕೆ ಇಳಿಯುವುದಿಲ್ಲ.

ಈ ಲೇಖನ ಅದನ್ನು ಕಾಗದಕ್ಕೆ ಇಳಿಸುವ ಬಗೆಯನ್ನು ಹೇಳುತ್ತದೆ. ದೋಹಾದ ಶಾಲೆಗಳಲ್ಲಿ ದುಡಿಯುವವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ, ವಾರಾಂತ್ಯದಲ್ಲಿ ಕನ್ನಡ ಕಲಿಸುವ ತಂದೆ ತಾಯಂದಿರಿಗೂ, ಊರಿನಲ್ಲಿ ಜೂನ್ ಹತ್ತಿರವಾದಾಗ ಇದೇ ಸಿದ್ಧತೆ ನಡೆಸುವ ಶಿಕ್ಷಕರಿಗೂ ಇದರ ಬಹುಪಾಲು ಒದಗುತ್ತದೆ. ಹೇಳಬೇಕಾದ ಮುಖ್ಯ ಮಾತು ಒಂದೇ: ಶಿಸ್ತನ್ನು ಮಕ್ಕಳಿಂದ ನಿರೀಕ್ಷಿಸಿ ಕೂರುವಂತಿಲ್ಲ. ಮಗ್ಗಿ ಕಲಿಸಿದಂತೆ, ಕಾಗುಣಿತ ಕಲಿಸಿದಂತೆ ಅದನ್ನೂ ಕಲಿಸಬೇಕು, ಅಭ್ಯಾಸ ಮಾಡಿಸಬೇಕು, ಮರೆತಾಗ ಮತ್ತೆ ಹೇಳಿಕೊಡಬೇಕು.

ಗಲಾಟೆ ಆದ ಮೇಲೆ ಅಲ್ಲ, ಆಗುವ ಮೊದಲು

ತರಗತಿ ನಿರ್ವಹಣೆ ಎಂದ ಕೂಡಲೇ ನಮಗೆ ಹೊಳೆಯುವುದು ಶಿಕ್ಷೆ. ತಪ್ಪು ಮಾಡಿದವನಿಗೆ ಏನು ಮಾಡಬೇಕು ಎಂಬುದರ ಸುತ್ತಲೇ ಸ್ಟಾಫ್ ರೂಮಿನ ಮಾತು ಸುತ್ತುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೂನಿನ್ ಅವರೂ ಅಲ್ಲಿಂದಲೇ ಹೊರಟರು. ಕಾಲೇಜು ತರಗತಿಯಲ್ಲಿ ಪತ್ರಿಕೆ ಓದುತ್ತ ಕೂತಿದ್ದ ಒಬ್ಬ ವಿದ್ಯಾರ್ಥಿಯನ್ನು ಅವರು ಗದರಿದಾಗ, ಗದರಿಕೆಯ ಪರಿಣಾಮ ಅವನಿಗಿಂತ ಸುತ್ತ ಕೂತವರ ಮೇಲೆ ಹೆಚ್ಚಾದದ್ದು ಅವರ ಗಮನಕ್ಕೆ ಬಂತು. ಆಮೇಲೆ ಎಷ್ಟೋ ತರಗತಿಗಳನ್ನು ವಿಡಿಯೊ ಚಿತ್ರೀಕರಿಸಿ ಅಧ್ಯಯನ ಮಾಡಿ 1970ರಲ್ಲಿ ಪುಸ್ತಕ ಬರೆದರು. ಶಾಂತವಾಗಿ ನಡೆಯುವ ತರಗತಿಯ ಶಿಕ್ಷಕರಿಗೂ ಗೊಂದಲದ ತರಗತಿಯ ಶಿಕ್ಷಕರಿಗೂ ತಪ್ಪು ನಡೆದ ಮೇಲೆ ಬೈಯುವ ರೀತಿಯಲ್ಲಿ ಹೆಚ್ಚಿನ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ತಪ್ಪು ನಡೆಯುವ ಮೊದಲು. ಒಳ್ಳೆಯ ಶಿಕ್ಷಕರ ಕಣ್ಣು ಇಡೀ ಕೋಣೆಯ ಮೇಲಿರುತ್ತದೆ. ಒಂದು ಮಗುವಿನ ಪುಸ್ತಕ ತಿದ್ದುತ್ತಲೇ ಹಿಂದಿನ ಬೆಂಚಿನ ಪಿಸುಮಾತನ್ನು ಗಮನಿಸುತ್ತಾರೆ. ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಖಾಲಿ ಸಮಯ ಬಿಡುವುದಿಲ್ಲ.

ಹತ್ತು ವರ್ಷದ ಬಳಿಕ, 1980ರಲ್ಲಿ, ಟೆಕ್ಸಾಸಿನ ಸಂಶೋಧಕರಾದ ಎಡ್ಮಂಡ್ ಎಮರ್, ಕ್ಯಾರೊಲಿನ್ ಎವರ್ಟ್‌ಸನ್ ಮತ್ತು ಲಿಂಡಾ ಆ್ಯಂಡರ್ಸನ್ ಮೂರನೇ ತರಗತಿಯ ಶಿಕ್ಷಕರನ್ನು ಶಾಲೆ ತೆರೆದ ಮೊದಲ ದಿನದಿಂದಲೇ ಗಮನಿಸಿ ಒಂದು ವರದಿ ಪ್ರಕಟಿಸಿದರು. ವರ್ಷವಿಡೀ ತರಗತಿಯನ್ನು ಚೆನ್ನಾಗಿ ನಡೆಸಿದವರು ಮೊದಲ ವಾರಗಳಲ್ಲಿ ಪಾಠಕ್ಕೆ ಅವಸರ ಮಾಡಿರಲಿಲ್ಲ. ಪೆನ್ಸಿಲ್ ಚೂಪು ಮಾಡಲು ಎದ್ದು ಹೋಗುವ ಬಗೆಯಂಥ ಸಣ್ಣ ಸಂಗತಿಗಳನ್ನೂ ಕೂತು ಕಲಿಸಿದ್ದರು. ಹೇಳಿ, ಮಾಡಿ ತೋರಿಸಿ, ಮಾಡಿಸಿ, ತಪ್ಪಿದಾಗ ತಿದ್ದಿದ್ದರು.

ನಮ್ಮಲ್ಲೂ ಇದಕ್ಕೆ ಸಾಕ್ಷಿಯಿದೆ. ವಕೀಲಿ ಬಿಟ್ಟು ಭಾವನಗರದಲ್ಲಿ ಮಕ್ಕಳ ಶಿಕ್ಷಣಕ್ಕೆ ನಿಂತ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ' ಪುಸ್ತಕದ ಶಿಕ್ಷಕ ನಾಲ್ಕನೇ ತರಗತಿಗೆ ಮೊದಲ ದಿನ ಮೌನದ ಆಟದ ಯೋಜನೆ ಹಾಕಿಕೊಂಡು ಹೋಗುತ್ತಾನೆ. ಮಕ್ಕಳು ಗದ್ದಲ ಮಾಡಿ ಅದನ್ನು ಕೆಡಿಸುತ್ತಾರೆ. ಮರುದಿನ ಅವನು ಕಥೆ ಹೇಳಲು ಕೂರುತ್ತಾನೆ, ತರಗತಿ ತಾನಾಗಿ ಕಿವಿಯಾಗುತ್ತದೆ. ಆ ಕಥೆಯ ಬಲದ ಮೇಲೆಯೇ ಮುಂದೆ ಸಾಲು, ಸರದಿ, ಹಾಜರಿ ಎಲ್ಲ ಒಂದೊಂದಾಗಿ ಬರುತ್ತವೆ. ಯೋಜನೆ ಬೇಕು, ಅದು ಎದುರಿಗಿರುವ ಮಕ್ಕಳಿಗೆ ಹೊಂದಲೂ ಬೇಕು.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಊರಿನಿಂದ ಹೊಸದಾಗಿ ಬಂದ ಶಿಕ್ಷಕರಿಗೆ ದೋಹಾದ ಶಾಲಾ ವರ್ಷದ ಲಯ ಬೇರೆ ಎಂಬುದು ತಡವಾಗಿ ತಿಳಿಯುತ್ತದೆ. ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಎರಡು ಮೂರು ತಿಂಗಳು ಪಾಠ ನಡೆಯುವಷ್ಟರಲ್ಲಿ ಬೇಸಿಗೆ ರಜೆ ಬಂದು ಮಕ್ಕಳು ಊರಿಗೆ ಹೋಗುತ್ತಾರೆ. ಅಜ್ಜಿಯ ಮನೆಯ ಮಳೆಗಾಲ ಮುಗಿಸಿ ಅವರು ಮರಳುವಾಗ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್. ಏಪ್ರಿಲ್‌ನಲ್ಲಿ ಕಲಿಸಿದ ರೂಢಿಗಳೆಲ್ಲ ಆ ಹೊತ್ತಿಗೆ ಮಸುಕಾಗಿರುತ್ತವೆ. ಆದ್ದರಿಂದ ದೋಹಾದಲ್ಲಿ ಶಾಲಾ ವರ್ಷಕ್ಕೆ ಎರಡು ಆರಂಭ ಎಂದೇ ಲೆಕ್ಕ ಹಾಕಬೇಕು. ಏಪ್ರಿಲ್‌ಗೆ ಪೂರ್ತಿ ಒಂದು ವಾರ, ರಜೆ ಮುಗಿದ ಮೇಲೆ ಮೂರು ದಿನ. ಎರಡೂ ನಿಮ್ಮ ಯೋಜನೆಯಲ್ಲಿ ದಿನಾಂಕ ಸಮೇತ ಇರಲಿ.

ಮೂರನೆಯ ತಿರುವು ರಂಜಾನ್ ತಿಂಗಳು. ಆ ತಿಂಗಳು ಶಾಲೆಯ ವೇಳೆ ಮೊಟಕಾಗುತ್ತದೆ, ಪಿರಿಯಡ್‌ಗಳು ಚಿಕ್ಕವಾಗುತ್ತವೆ, ದೊಡ್ಡ ಮಕ್ಕಳಲ್ಲಿ ಕೆಲವರು ಉಪವಾಸವಿರುತ್ತಾರೆ. ಚಾಂದ್ರಮಾನದ ಲೆಕ್ಕವಾದ್ದರಿಂದ ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2026ರಲ್ಲಿ ಫೆಬ್ರವರಿ ಮೂರನೇ ವಾರದಲ್ಲಿ, 2027ರಲ್ಲಿ ಎರಡನೇ ವಾರದ ಆಸುಪಾಸಿನಲ್ಲಿ. ಅಂದರೆ ಈಗಿನ ವರ್ಷಗಳಲ್ಲಿ ಅದು ನೇರವಾಗಿ ವಾರ್ಷಿಕ ಪರೀಕ್ಷೆಯ ದಿನಗಳಿಗೇ ಬರುತ್ತದೆ. ಆ ತಿಂಗಳಲ್ಲಿ ಓಡಾಟದ ಚಟುವಟಿಕೆ ಕಡಿಮೆ ಮಾಡಿ ಓದು ಬರಹದ ಶಾಂತ ಕೆಲಸ ಹೆಚ್ಚಿಸುವುದು, ಬುತ್ತಿ ತಿನ್ನುವ ಮಕ್ಕಳಿಗೂ ಉಪವಾಸದ ಮಕ್ಕಳಿಗೂ ಹೊಂದುವ ವಿರಾಮದ ಏರ್ಪಾಡು ಮಾಡುವುದು, ಇವನ್ನು ಮುಂಚಿತವಾಗಿಯೇ ಬರೆದಿಟ್ಟುಕೊಳ್ಳಿ.

ಇನ್ನು ಸಣ್ಣ ಗುರುತುಗಳು: ವಾರ ಶುರುವಾಗುವುದು ಭಾನುವಾರ, ರಜೆ ಶುಕ್ರವಾರ ಮತ್ತು ಶನಿವಾರ. ಡಿಸೆಂಬರ್ 18 ರಾಷ್ಟ್ರೀಯ ದಿನ. ಫೆಬ್ರವರಿಯ ಎರಡನೇ ಮಂಗಳವಾರ 2012ರಿಂದಲೂ ರಾಷ್ಟ್ರೀಯ ಕ್ರೀಡಾ ದಿನ. ಈ ದಿನಗಳ ಹಿಂದೆ ಮುಂದೆ ಅಭ್ಯಾಸ, ಮೆರವಣಿಗೆ, ಬಣ್ಣದ ಉಡುಪುಗಳ ಗದ್ದಲ ಇದ್ದೇ ಇರುತ್ತದೆ. ಮಕ್ಕಳು ಚಂಚಲರಾಗುತ್ತಾರೆ ಎಂದು ಮೊದಲೇ ಗೊತ್ತಿದ್ದ ದಿನಗಳಿಗೆ ಕಠಿಣ ಅಧ್ಯಾಯ ಇಟ್ಟುಕೊಂಡು ಆಮೇಲೆ ಅವರ ಮೇಲೆ ರೇಗುವುದು ಸರಿಯಲ್ಲ.

ಕೋಣೆಯನ್ನು ಮಗುವಿನ ಕಣ್ಣಿನಿಂದ ನೋಡಿ

ಮಕ್ಕಳು ಬರುವ ಮೊದಲು ಖಾಲಿ ತರಗತಿಗೆ ಹೋಗಿ ನಾಲ್ಕು ಮೂಲೆಗಳ ಬೆಂಚುಗಳಲ್ಲಿ ಒಮ್ಮೊಮ್ಮೆ ಕೂತು ನೋಡಿ. ಹಲಗೆ ಪೂರ್ತಿ ಕಾಣುತ್ತದೆಯೇ? ಬಿಸಿಲು ಕಣ್ಣಿಗೆ ಹೊಡೆಯುತ್ತದೆಯೇ? ಎಸಿಯ ಗಾಳಿ ನೇರ ಒಂದೇ ಸಾಲಿನ ಮೇಲೆ ಬೀಳುತ್ತದೆಯೇ? ಚಳಿಯಿಂದ ನಡುಗುವ ಮಗು ಜಾಗ ಬದಲಿಸಲು ನೆಪ ಹುಡುಕುತ್ತದೆ, ಅದು ನಮಗೆ ತುಂಟತನವಾಗಿ ಕಾಣುತ್ತದೆ.

ಆಮೇಲೆ ನಿಮ್ಮ ದಾರಿ ನೋಡಿ. ನಾಲ್ಕೈದು ಹೆಜ್ಜೆಯಲ್ಲಿ ಯಾವ ಮಗುವಿನ ಪಕ್ಕಕ್ಕಾದರೂ ಹೋಗಿ ನಿಲ್ಲುವಂತೆ ಬೆಂಚುಗಳ ನಡುವೆ ಜಾಗ ಬಿಡಿ. ಕಸದ ಬುಟ್ಟಿ, ನೀರಿನ ಬಾಟಲಿ ಇಡುವ ಜಾಗ, ನೋಟ್‌ಬುಕ್ ಒಪ್ಪಿಸುವ ಜಾಗ ಮೂರೂ ಒಂದೇ ಮೂಲೆಯಲ್ಲಿದ್ದರೆ ಅಲ್ಲಿ ಸಂತೆ ನೆರೆಯುತ್ತದೆ, ಬೇರೆ ಬೇರೆ ಮಾಡಿ. ಮೊದಲ ತಿಂಗಳು ಕೂರುವ ಜಾಗ ನೀವೇ ಗೊತ್ತು ಮಾಡಿ, ಹೆಸರಿನ ಚೀಟಿ ಅಂಟಿಸಿ. ಹೆಸರು ಬೇಗ ಕಲಿಯಲು ನಿಮಗೂ ಅದು ಅನುಕೂಲ. ಕಿವಿ ಮಂದವಿರುವ, ಕನ್ನಡಕದ, ಗಮನ ನಿಲ್ಲಿಸಲು ಕಷ್ಟಪಡುವ ಮಕ್ಕಳ ವಿವರವನ್ನು ಹಿಂದಿನ ತರಗತಿಯ ಶಿಕ್ಷಕರಿಂದಲೂ ವಿಶೇಷ ಶಿಕ್ಷಕರಿಂದಲೂ ಕೇಳಿ ಪಡೆದೇ ನಕ್ಷೆ ಬರೆಯಿರಿ. ಆದರೆ 'ಅವನು ಭಾರಿ ಕೀಟಲೆ' ಎಂಬಂಥ ಷರಾವನ್ನು ಅಲ್ಲೇ ಬಿಟ್ಟು ಬನ್ನಿ. ಹೊಸ ವರ್ಷ ಆ ಹುಡುಗನಿಗೂ ಹೊಸದಾಗಿರಲಿ.

ನಿಯಮ ನಾಲ್ಕೈದು ಸಾಕು

ಗೋಡೆಯ ಮೇಲೆ ಹದಿನೈದು ನಿಯಮ ಬರೆದು ಹಾಕಿದರೆ ಶಿಕ್ಷಕಿಗೇ ನೆನಪಿರುವುದಿಲ್ಲ. ಐದು ದಾಟದಿರಲಿ. 'ಮಾಡಬೇಡ' ಎನ್ನುವ ಬದಲು ಏನು ಮಾಡಬೇಕೆಂದು ಹೇಳಲಿ. ಪ್ರಾಥಮಿಕ ತರಗತಿಗೆ ಹೊಂದುವ ಒಂದು ಮಾದರಿ:

1. ಒಬ್ಬರು ಮಾತಾಡುವಾಗ ಉಳಿದವರು ಕೇಳುತ್ತೇವೆ.
2. ಕೈ, ಕಾಲು, ವಸ್ತು ನಮ್ಮ ಜಾಗದಲ್ಲೇ ಇರುತ್ತವೆ.
3. ಹೇಳಿದ ಕೆಲಸವನ್ನು ಕೂಡಲೇ ಶುರು ಮಾಡುತ್ತೇವೆ.
4. ಎಲ್ಲರನ್ನೂ ಅವರ ಹೆಸರಿನಿಂದಲೇ ಕರೆಯುತ್ತೇವೆ.
5. ತಿಳಿಯದಿದ್ದರೆ ಕೇಳುತ್ತೇವೆ, ತಿಳಿದಿದ್ದರೆ ಪಕ್ಕದವರಿಗೆ ನೆರವಾಗುತ್ತೇವೆ.

ನಾಲ್ಕನೆಯದು ಸುಮ್ಮನೆ ಸೇರಿಸಿದ್ದಲ್ಲ. ದೋಹಾದ ಭಾರತೀಯ ಶಾಲೆಯ ಒಂದೇ ಕೋಣೆಯಲ್ಲಿ ಮಲಯಾಳ, ತಮಿಳು, ತೆಲುಗು, ಹಿಂದಿ, ಉರ್ದು, ಕನ್ನಡ, ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮನೆಗಳ ಮಕ್ಕಳಿರುತ್ತಾರೆ. ರಾಜ್ಯದ ಹೆಸರಿನಿಂದ, ಮೈಬಣ್ಣದಿಂದ, ಉಚ್ಚಾರಣೆಯಿಂದ ಅಡ್ಡಹೆಸರು ಹುಟ್ಟುವುದು ಇಲ್ಲಿ ಬಹಳ ಸುಲಭ, ಹೆಚ್ಚಿನ ಜಗಳಗಳ ಬೇರೂ ಅಲ್ಲೇ ಇರುತ್ತದೆ. ಹಾಗೆಯೇ ಮನೆಮಾತು ಆಡಿದ್ದಕ್ಕೆ ದಂಡ ಹಾಕುವ ಪದ್ಧತಿಯನ್ನು ನಿಮ್ಮ ತರಗತಿಯೊಳಗೆ ಬಿಟ್ಟುಕೊಳ್ಳಬೇಡಿ. ಪಾಠದ ವೇಳೆ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಮಾತಾಡೋಣ ಎಂದರೆ ಸಾಕು. ಮಗುವಿನ ತಾಯ್ನುಡಿ ತಪ್ಪಿನ ಪಟ್ಟಿಯಲ್ಲಿ ಸೇರಬಾರದು.

ನಿಯಮಗಳನ್ನು ಅಂತಿಮಗೊಳಿಸುವ ಮೊದಲು ನಿಮ್ಮ ಶಾಲೆಯ ವರ್ತನಾ ನೀತಿಯನ್ನು ಓದಿ. ಖಾಸಗಿ ಶಾಲೆಗಳು ಕತಾರಿನ ಶಿಕ್ಷಣ ಮತ್ತು ಉನ್ನತ ಶಿಕ್ಷಣ ಸಚಿವಾಲಯದ ಕೆಳಗೆ ಬರುತ್ತವೆ. ನಿಮ್ಮ ನಿಯಮ ಶಾಲೆಯ ನೀತಿಗೆ ವಿರುದ್ಧವಾಗುವಂತಿಲ್ಲ.

ರೂಢಿಗಳೇ ಬೆನ್ನೆಲುಬು

ನಿಯಮ ಏನು ಸರಿ ಎಂದು ಹೇಳುತ್ತದೆ, ರೂಢಿ ಅದನ್ನು ಮಾಡುವ ಬಗೆಯನ್ನು ಕಲಿಸುತ್ತದೆ. ಒಳಗೆ ಬರುವುದು, ಹಾಜರಿ, ಪುಸ್ತಕ ಹಂಚುವುದು, ಮೌನದ ಸಂಜ್ಞೆ, ಶೌಚಾಲಯಕ್ಕೆ ಹೋಗುವುದು, ಗುಂಪು ಮಾಡಿಕೊಳ್ಳುವುದು, ಕೆಲಸ ಬೇಗ ಮುಗಿದರೆ ಏನು ಮಾಡುವುದು, ಬಸ್ಸಿಗೆ ಸಾಲು ನಿಲ್ಲುವುದು: ಈ ಎಂಟಕ್ಕೆ ನಿಮ್ಮ ಬಳಿ ಲಿಖಿತ ಉತ್ತರವಿದ್ದರೆ ಯೋಜನೆಯ ಮುಕ್ಕಾಲು ಪಾಲು ಮುಗಿದಂತೆ.

ಒಂದನ್ನು ಹತ್ತಿರದಿಂದ ನೋಡೋಣ. ನಾಲ್ಕನೇ ತರಗತಿ, ದಿನದ ಮೊದಲ ಪಿರಿಯಡ್. ಸೂರ್ಯ ಮೇಲೇರುವ ಮೊದಲೇ ಎದ್ದು ಬಸ್ಸು ಹತ್ತಿ ಬಂದ ಮಕ್ಕಳಲ್ಲಿ ಅರ್ಧದಷ್ಟು ಜನ ನಿದ್ದೆಗಣ್ಣಿನಲ್ಲಿದ್ದಾರೆ, ಉಳಿದರ್ಧ ಬಸ್ಸಿನ ಮಾತು ಮುಗಿಸಿಲ್ಲ. ಶಿಕ್ಷಕಿ ಮೇಜಿನ ಹಿಂದೆ ಕೂರದೆ ಬಾಗಿಲಲ್ಲಿ ನಿಂತಿದ್ದಾರೆ, ಒಂದು ಕಣ್ಣು ವರಾಂಡದ ಕಡೆ, ಒಂದು ಕಣ್ಣು ಒಳಗೆ. ಒಳಬರುವ ಪ್ರತಿ ಮಗುವಿಗೂ ಹೆಸರು ಹಿಡಿದು ಗುಡ್ ಮಾರ್ನಿಂಗ್ ಹೇಳುತ್ತಾರೆ. ಹಲಗೆಯ ಮೇಲೆ ಆಗಲೇ ಮೂರು ಸಾಲು ಬರೆದಿದೆ: ಚೀಲ ಕೊಕ್ಕೆಗೆ. ಡೈರಿ ಮೇಜಿನ ಮೇಲೆ. ಕೆಳಗಿನ ನಾಲ್ಕು ಲೆಕ್ಕ ಶುರು. ಲೆಕ್ಕಗಳು ನಿನ್ನೆಯ ಪಾಠದವು, ಯಾರ ನೆರವೂ ಇಲ್ಲದೆ ಮಾಡುವಂಥವು. ಮಕ್ಕಳು ಲೆಕ್ಕ ಬಿಡಿಸುವ ಐದು ನಿಮಿಷದಲ್ಲಿ ಶಿಕ್ಷಕಿ ಸದ್ದಿಲ್ಲದೆ ಹಾಜರಿ ಮುಗಿಸುತ್ತಾರೆ, ಯಾರ ಮುಖ ಬಾಡಿದೆ ಎಂದೂ ಗಮನಿಸುತ್ತಾರೆ. ಇಲ್ಲಿ ಯಾರೂ 'ಸೈಲೆನ್ಸ್' ಎಂದು ಕೂಗಲಿಲ್ಲ. ಕೈಗೆ ಕೆಲಸ ಸಿಕ್ಕಿತು, ಬಾಯಿಗೆ ಬಿಡುವು ಸಿಕ್ಕಿತು.

ಇದು ಒಂದೇ ದಿನಕ್ಕೆ ಬರುವುದಲ್ಲ. ಕಲಿಸುವ ಹಂತಗಳು ಐದು. ಮೊದಲು ಏಕೆ ಎಂದು ಎರಡು ವಾಕ್ಯದಲ್ಲಿ ಹೇಳಿ. ನೀವೇ ಮಗುವಿನಂತೆ ಬಾಗಿಲಿನಿಂದ ಬಂದು ಮಾಡಿ ತೋರಿಸಿ. ಇಬ್ಬರು ಮಕ್ಕಳಿಂದ ಮಾಡಿಸಿ, ಏನು ಸರಿಯಾಯಿತು ಎಂದು ಉಳಿದವರು ಹೇಳಲಿ. ಆಮೇಲೆ ಇಡೀ ತರಗತಿ ಹೊರಗೆ ಹೋಗಿ ಬರಲಿ. ಕೊನೆಯದಾಗಿ, ತಪ್ಪಿದರೆ ಬೈಯದೆ 'ಬನ್ನಿ, ಇನ್ನೊಂದು ಸಲ ಬಾಗಿಲಿನಿಂದ ಬರೋಣ' ಎಂದು ಅಷ್ಟೇ ಶಾಂತವಾಗಿ ಮತ್ತೆ ಮಾಡಿಸಿ. ಕೋಪದಿಂದ ಮಾಡಿಸಿದರೆ ಅದು ಶಿಕ್ಷೆಯಾಗುತ್ತದೆ, ಸಮಾಧಾನದಿಂದ ಮಾಡಿಸಿದರೆ ಅಭ್ಯಾಸವಾಗುತ್ತದೆ.

ಮೌನದ ಸಂಜ್ಞೆಗೂ ಇದೇ ಕ್ರಮ. ಕೈ ಎತ್ತುವುದು, ಒಂದು ಗಂಟೆ, ತಾಳಕ್ಕೆ ಮರುತಾಳ, ಯಾವುದಾದರೂ ಒಂದೇ ಇರಲಿ. ಸಂಜ್ಞೆ ಕೊಟ್ಟ ಮೇಲೆ ಕೊನೆಯ ದನಿ ನಿಲ್ಲುವವರೆಗೆ ಕಾಯಿರಿ. ಗದ್ದಲದ ಮೇಲೆಯೇ ಪಾಠ ಶುರು ಮಾಡಿದರೆ ಗದ್ದಲವಿದ್ದರೂ ನಡೆಯುತ್ತದೆ ಎಂದು ನೀವೇ ಕಲಿಸಿದಂತೆ.

ಪ್ರಶ್ನೆ ಕೇಳಿ ಕಾಯುವುದೂ ಒಂದು ರೂಢಿ. ಅಮೆರಿಕದ ಮೇರಿ ಬಡ್ ರೋವ್ 1970ರ ದಶಕದಲ್ಲಿ ತೋರಿಸಿದಂತೆ ಹೆಚ್ಚಿನ ಶಿಕ್ಷಕರು ಪ್ರಶ್ನೆ ಕೇಳಿ ಒಂದು ಸೆಕೆಂಡಿನ ಆಸುಪಾಸಿನಲ್ಲೇ ಮುಂದಕ್ಕೆ ಹೋಗುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಹೆಚ್ಚು ಮಕ್ಕಳು, ಹೆಚ್ಚು ಉದ್ದದ ಉತ್ತರ ಕೊಡುತ್ತಾರೆ. ಶಿಸ್ತಿಗಾಗಿ ಶಿಕ್ಷಕರು ಮಾತಾಡಬೇಕಾದ ಸಂದರ್ಭವೂ ತಗ್ಗುತ್ತದೆ. ಮನೆಯಲ್ಲೊಂದು, ತರಗತಿಯಲ್ಲೊಂದು ಭಾಷೆಯಲ್ಲಿ ಯೋಚಿಸುವ ನಮ್ಮ ಮಕ್ಕಳಿಗೆ ಈ ಮೂರು ಸೆಕೆಂಡು ಇನ್ನೂ ಹೆಚ್ಚು ಬೇಕು.

ಮೊದಲ ವಾರದ ಹಂಚಿಕೆ

ಭಾನುವಾರ: ಹೆಸರು, ಜಾಗ, ಒಳಬರುವ ರೂಢಿ, ಮೌನದ ಸಂಜ್ಞೆ, ಶೌಚಾಲಯ ಮತ್ತು ನೀರಿನ ಕ್ರಮ. ದಿನದ ಕೊನೆಗೆ ಒಂದು ಒಳ್ಳೆಯ ಕಥೆ. ಬಸ್ ನಂಬರು ಪ್ರತಿ ಮಗುವಿನ ಡೈರಿಯಲ್ಲೂ ಇದೆಯೇ ಎಂದು ನೀವೇ ನೋಡಿ. ಮೊದಲ ದಿನ ಮಗು ತಪ್ಪು ಬಸ್ಸು ಹತ್ತಿದರೆ ಮನೆಯವರ ನಂಬಿಕೆ ಮರಳಿ ಗಳಿಸಲು ತಿಂಗಳುಗಳೇ ಬೇಕು.

ಸೋಮವಾರ: ನಿನ್ನೆಯದರ ಪುನರಭ್ಯಾಸ. ನಿಯಮಗಳ ಚರ್ಚೆ, ಪ್ರತಿಯೊಂದಕ್ಕೂ ಮಕ್ಕಳಿಂದಲೇ ಉದಾಹರಣೆ. ಪುಸ್ತಕ ಹಂಚುವ, ಒಪ್ಪಿಸುವ ಕ್ರಮ.

ಮಂಗಳವಾರ: ಜೋಡಿ ಕೆಲಸ. ಪಕ್ಕದವರೊಂದಿಗೆ ಎಷ್ಟು ದನಿಯಲ್ಲಿ ಮಾತಾಡಬೇಕು ಎಂಬುದನ್ನು ಮಾಡಿಯೇ ತೋರಿಸಿ. ಕೆಲಸ ಬೇಗ ಮುಗಿದವರಿಗೆ ಓದುವ ಮೂಲೆಯ ಪರಿಚಯ.

ಬುಧವಾರ: ನಾಲ್ವರ ಗುಂಪು. ತರಗತಿಯ ಕೆಲಸಗಳ ಹಂಚಿಕೆ: ಹಲಗೆ, ಗಿಡ, ಪುಸ್ತಕ, ಲೈಟು. ಎರಡು ವಾರಕ್ಕೊಮ್ಮೆ ಸರದಿ ಬದಲಾಗಲಿ, ಹಿಂದಿನ ಬೆಂಚಿನವರಿಗೆ ಮೊದಲು ಸಿಗಲಿ.

ಗುರುವಾರ: ಎಲ್ಲ ರೂಢಿಗಳ ಜೊತೆಗೆ ಒಂದು ಪೂರ್ತಿ ಪಾಠ. ಕೊನೆಯ ಹತ್ತು ನಿಮಿಷ ಮಕ್ಕಳನ್ನೇ ಕೇಳಿ: ಯಾವುದು ಸುಲಭವಾಯಿತು, ಯಾವುದು ಕಷ್ಟ?

ಪಾಠ ಹಿಂದೆ ಬೀಳುತ್ತದೆ ಎಂಬ ಹೆದರಿಕೆ ಸಹಜ. ಆದರೆ ದಿನಕ್ಕೆ ಹತ್ತು ನಿಮಿಷ ಗಲಾಟೆ ಅಡಗಿಸಲು ಹೋದರೆ ಇಡೀ ವರ್ಷದಲ್ಲಿ ಎಷ್ಟು ಪಿರಿಯಡ್ ಕೈಬಿಟ್ಟು ಹೋಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಮೊದಲ ವಾರ ಕೊಟ್ಟ ಸಮಯ ಪರೀಕ್ಷೆಯ ಹೊತ್ತಿಗೆ ಬಡ್ಡಿ ಸಮೇತ ಮರಳುತ್ತದೆ.

ತಪ್ಪು ನಡೆದಾಗ ಏರಬೇಕಾದ ಮೆಟ್ಟಿಲು

ಎಷ್ಟೇ ಚೆಂದದ ಯೋಜನೆಯಿದ್ದರೂ ಮಕ್ಕಳು ಮಕ್ಕಳೇ. ಸಿಟ್ಟು ಬಂದ ಘಳಿಗೆಯಲ್ಲಿ ಏನು ಮಾಡಬೇಕೆಂದು ಯೋಚಿಸಲಾಗುವುದಿಲ್ಲ, ಆದ್ದರಿಂದ ಮೊದಲೇ ಬರೆದಿಡಿ.

ಮೊದಲ ಮೆಟ್ಟಿಲು ಮಾತಿಲ್ಲದ್ದು: ನೋಟ, ಹತ್ತಿರ ಹೋಗಿ ನಿಲ್ಲುವುದು, ಮೇಜಿನ ಮೇಲೆ ಬೆರಳಿಟ್ಟು ಪುಟ ತೋರಿಸುವುದು. ಪಾಠ ನಿಲ್ಲಬಾರದು. ಎರಡನೆಯದು ಕಿವಿಯಲ್ಲಿ ಹೇಳುವ ಒಂದು ವಾಕ್ಯ: 'ಈಗ ಮೂರನೇ ಲೆಕ್ಕ, ಶುರು ಮಾಡು.' ಏನು ಮಾಡಬೇಡ ಎಂದಲ್ಲ, ಏನು ಮಾಡು ಎಂದು. ಮೂರನೆಯದು ಆಯ್ಕೆ: 'ಇಲ್ಲೇ ಸುಮ್ಮನೆ ಕೂತು ಮುಗಿಸುತ್ತೀಯೋ, ಮುಂದಿನ ಬೆಂಚಿಗೆ ಬರುತ್ತೀಯೋ?' ಹೇಳಿ ಮುಂದಕ್ಕೆ ನಡೆದುಬಿಡಿ. ಎದುರು ನಿಂತರೆ ಅದು ಹಟಕ್ಕೆ ತಿರುಗುತ್ತದೆ. ನಾಲ್ಕನೆಯದು ತರಗತಿ ಮುಗಿದ ಮೇಲೆ ಇಬ್ಬರೇ ಕೂತು ಮಾತು: ಏನಾಯಿತು, ಯಾರಿಗೆ ತೊಂದರೆಯಾಯಿತು, ಹೇಗೆ ಸರಿಪಡಿಸುತ್ತೀ? ಐದನೆಯದು ಮನೆಯವರಿಗೆ ಕರೆ. ಆರನೆಯದು ಕೋ-ಆರ್ಡಿನೇಟರ್ ಅಥವಾ ಕೌನ್ಸೆಲರ್.

ಕೆಲವು ಸಂಗತಿಗಳಿಗೆ ಮೆಟ್ಟಿಲಿಲ್ಲ, ನೇರವಾಗಿ ಮೇಲಕ್ಕೇ ಹೋಗಬೇಕು: ಹೊಡೆದಾಟದ ಗಾಯ, ಒಂದು ಮಗುವನ್ನು ಗುಂಪಾಗಿ ಪೀಡಿಸುವುದು, ಧರ್ಮ ಅಥವಾ ದೇಶದ ಬಗ್ಗೆ ಅವಹೇಳನ, ಮಗು ತನಗೇ ಹಾನಿ ಮಾಡಿಕೊಳ್ಳುವ ಮಾತು. ಇವನ್ನು ಅದೇ ದಿನ ಬರೆದು ಒಪ್ಪಿಸಬೇಕು.

ಹೊಡೆತ, ಮಂಡಿಯೂರಿಸುವುದು, ಬಿಸಿಲಿಗೆ ನಿಲ್ಲಿಸುವುದು, ಎಲ್ಲರೆದುರು ಅವಮಾನಿಸುವುದು ಯಾವ ಮೆಟ್ಟಿಲಿನಲ್ಲೂ ಇಲ್ಲ. ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕತಾರ್ 1995ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿದೆ. 'ದಂಡಂ ದಶಗುಣಂ' ಎಂದು ಬೆಳೆದ ನಮ್ಮ ಪೀಳಿಗೆಗೆ ಇದು ಹೊಸದೆನಿಸಿದರೂ, ಹೆದರಿದ ಮಗು ಸುಮ್ಮನಾಗುತ್ತದೆ, ಆದರೆ ಕಲಿಯುವುದಿಲ್ಲ ಎಂಬುದನ್ನು ಪಾಠ ಹೇಳಿದವರೆಲ್ಲ ಬಲ್ಲರು. ಒಬ್ಬನ ತಪ್ಪಿಗೆ ಇಡೀ ತರಗತಿಗೆ ಆಟ ನಿಲ್ಲಿಸುವುದೂ ಬೇಡ. ತಪ್ಪು ಮಾಡದವರಿಗೆ ಅನ್ಯಾಯದ ಪಾಠವನ್ನೇ ಕಲಿಸಿದಂತಾಗುತ್ತದೆ.

ಹೊಗಳಿಕೆಗೂ ಲೆಕ್ಕವಿರಲಿ. 'ವೆರಿ ಗುಡ್' ಎಂದು ದಿನವಿಡೀ ಹೇಳಿದರೆ ಅದಕ್ಕೆ ಬೆಲೆಯಿಲ್ಲ. 'ನೀನು ಬರೆದು ಮುಗಿಸಿ ಪಕ್ಕದವನಿಗೆ ಅಳತೆಪಟ್ಟಿ ಕೊಟ್ಟೆಯಲ್ಲ, ಅದು ನನಗೆ ಇಷ್ಟವಾಯಿತು' ಎಂದರೆ ಏನು ಒಳ್ಳೆಯದೆಂದು ಮಗುವಿಗೆ ಗೊತ್ತಾಗುತ್ತದೆ.

ಮನೆಯವರಿಗೆ ಮೊದಲ ಕರೆ ಸಿಹಿಯಾಗಿರಲಿ

ಶಾಲೆಯಿಂದ ಫೋನು ಬಂತೆಂದರೆ ಎದೆ ಡವಗುಟ್ಟುವ ಪೋಷಕರೇ ಹೆಚ್ಚು. ಎರಡನೇ ವಾರದಿಂದ ದಿನಕ್ಕೆ ಇಬ್ಬರಂತೆ ಎಲ್ಲ ಮನೆಗಳಿಗೂ ಒಂದು ನಿಮಿಷದ ಕರೆ ಅಥವಾ ಶಾಲೆ ಒಪ್ಪಿದ ಆ್ಯಪ್‌ನಲ್ಲಿ ಸಂದೇಶ ಕಳಿಸಿ: 'ನಾನು ನಿಮ್ಮ ಮಗಳ ಕ್ಲಾಸ್ ಟೀಚರ್. ಹೊಸದಾಗಿ ಬಂದ ಹುಡುಗಿಗೆ ಇವತ್ತು ಅವಳು ಕ್ಯಾಂಟೀನ್ ತೋರಿಸಿದಳು. ನಿಮಗೆ ಹೇಳಬೇಕೆನಿಸಿತು.' ಈ ಒಂದು ಮಾತಿನ ಮೇಲೆ ನಾಳೆ ದೂರಿನ ಕರೆ ಮಾಡಬೇಕಾಗಿ ಬಂದರೂ ಅವರು ನಿಮ್ಮ ಪಕ್ಕದಲ್ಲೇ ನಿಲ್ಲುತ್ತಾರೆ.

ದೋಹಾದ ಮನೆಗಳ ಸ್ಥಿತಿ ತಿಳಿದಿರಲಿ. ತಂದೆಗೆ ಪಾಳಿಯ ಕೆಲಸವಿರಬಹುದು, ತಾಯಿ ನರ್ಸ್ ಆಗಿ ರಾತ್ರಿ ಡ್ಯೂಟಿಯಲ್ಲಿರಬಹುದು, ಒಂದೇ ಕೋಣೆಯ ಮನೆಯಲ್ಲಿ ಮಗುವಿಗೆ ಆಟದ ಜಾಗವೇ ಇಲ್ಲದಿರಬಹುದು. ಮೊದಲ ಸಭೆಯಲ್ಲಿ ಒಂದು ಚೀಟಿ ಕೊಡಿ: ಕರೆ ಮಾಡಲು ಯಾವ ಹೊತ್ತು ಸರಿ, ಮನೆಯಲ್ಲಿ ಯಾವ ಭಾಷೆ, ಮಗುವಿಗೆ ಏನಿಷ್ಟ, ಯಾವುದಕ್ಕೆ ಹೆದರುತ್ತದೆ. ನಾಲ್ಕು ಪ್ರಶ್ನೆ ಸಾಕು.

ನಡುವರ್ಷ ಬರುವ ಮಗುವಿಗೆ

ತಂದೆಯ ಕೆಲಸ ಬದಲಾಗಿ ಮಕ್ಕಳು ನಡುವರ್ಷ ಬಂದು ಸೇರುವುದೂ, ಬಿಟ್ಟು ಹೋಗುವುದೂ ಕೊಲ್ಲಿಯ ಶಾಲೆಗಳಲ್ಲಿ ಸಾಮಾನ್ಯ. ಯೋಜನೆಯಲ್ಲಿ ಅದಕ್ಕೊಂದು ಪುಟ ಬೇಕು. ರೂಢಿಗಳ ಚಿತ್ರವಿರುವ ಒಂದು ಕಾರ್ಡು, ಎರಡು ವಾರಕ್ಕೆ ಒಬ್ಬ ಜೊತೆಗಾರ, ಮೂರನೇ ದಿನ ನಿಮ್ಮೊಂದಿಗೆ ಐದು ನಿಮಿಷದ ಮಾತು. ಬಿಟ್ಟು ಹೋಗುವ ಮಗುವಿಗೂ ತರಗತಿಯವರೆಲ್ಲ ಸಹಿ ಮಾಡಿದ ಒಂದು ಕಾಗದ ಕೊಡಿ. ಹೋದವರನ್ನು ಹೇಗೆ ಕಳಿಸಿಕೊಡುತ್ತೇವೆ ಎಂಬುದನ್ನು ಉಳಿದ ಮಕ್ಕಳು ನೋಡುತ್ತಿರುತ್ತಾರೆ.

ವಾರಾಂತ್ಯದ ಕನ್ನಡ ತರಗತಿಗೆ ನಲಿಕಲಿಯ ನೆರವು

ದುಬೈನಲ್ಲಿ ಕನ್ನಡ ಮಿತ್ರರು ನಡೆಸುವ ಪಾಠಶಾಲೆಯ ಹಾಗೆ ಕೊಲ್ಲಿ ದೇಶಗಳಲ್ಲಿ ಅಲ್ಲಲ್ಲಿ ಸ್ವಯಂಸೇವಕರು ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಶುಕ್ರವಾರ ಅಥವಾ ಶನಿವಾರ ಒಂದೂವರೆ ಗಂಟೆ ಸಿಕ್ಕಿದರೆ ಹೆಚ್ಚು. ಎದುರಿಗೆ ಐದು ವರ್ಷದಿಂದ ಹದಿನಾಲ್ಕರವರೆಗಿನ ಮಕ್ಕಳು. ಒಬ್ಬಳು ಸರಾಗವಾಗಿ ಮಾತಾಡುತ್ತಾಳೆ, ಅಕ್ಷರ ಬಾರದು. ಇನ್ನೊಬ್ಬನಿಗೆ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಮತ್ತೊಬ್ಬನ ಮನೆಮಾತು ತುಳು. ಇಂಥಲ್ಲಿ ಎಲ್ಲರಿಗೂ ಒಂದೇ ಪಾಠ ಹೇಳಹೊರಟರೆ ಅರ್ಧ ಮಕ್ಕಳು ಬೇಸತ್ತು ಗಲಾಟೆ ಮಾಡುವುದು ಖಚಿತ.

ಇದಕ್ಕೆ ಪರಿಹಾರ ಕರ್ನಾಟಕದಲ್ಲೇ ಇದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ, ರಿಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು ಶಿಕ್ಷಕರೇ ರೂಪಿಸಿದ ನಲಿಕಲಿ ಪದ್ಧತಿ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಬಂತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುವ ಏರ್ಪಾಡು ಅದು. ಕಲಿಕಾ ಏಣಿಯ ಮೇಲೆ ಪ್ರತಿ ಮಗು ತನ್ನ ವೇಗದಲ್ಲಿ ಏರುತ್ತದೆ. ಮಕ್ಕಳು ಐದು ತಟ್ಟೆಗಳಲ್ಲಿ ಕೂರುತ್ತಾರೆ: ಒಂದಕ್ಕೆ ಶಿಕ್ಷಕರ ಪೂರ್ಣ ನೆರವು, ಒಂದಕ್ಕೆ ಭಾಗಶಃ ನೆರವು, ಎರಡಕ್ಕೆ ಸಹಪಾಠಿಗಳ ನೆರವು, ಒಂದು ಸ್ವಂತ ಕಲಿಕೆಗೆ. ಒಬ್ಬ ಶಿಕ್ಷಕಿ ಐದು ಕಡೆ ಏಕಕಾಲಕ್ಕೆ ಇರಲಾರರು ಎಂಬ ವಾಸ್ತವವನ್ನು ಒಪ್ಪಿಕೊಂಡೇ ಈ ಪದ್ಧತಿ ಹುಟ್ಟಿದೆ.

ದೋಹಾದ ಒಂದೂವರೆ ಗಂಟೆಗೆ ಅದನ್ನು ಹೀಗೆ ಹೊಂದಿಸಬಹುದು. ಮೊದಲ ಹತ್ತು ನಿಮಿಷ ಎಲ್ಲರೂ ಕೂಡಿ ಹಾಡು. ಮುಂದಿನ ಹದಿನೈದು ನಿಮಿಷ ಕಥೆ, ದೊಡ್ಡ ಮಕ್ಕಳೇ ಸರದಿಯಲ್ಲಿ ಹೇಳಲಿ. ಆಮೇಲೆ ನಲವತ್ತು ನಿಮಿಷ ಮೂರು ಗುಂಪು: ಅಕ್ಷರ ಕಲಿಯುವವರು ಶಿಕ್ಷಕಿಯ ಬಳಿ, ಪದ ಓದುವವರು ಜೋಡಿಯಲ್ಲಿ, ಓದಲು ಬಲ್ಲವರು ಸ್ವಂತ ಬರಹದಲ್ಲಿ. ಇಪ್ಪತ್ತು ನಿಮಿಷಕ್ಕೆ ಶಿಕ್ಷಕಿ ಗುಂಪು ಬದಲಿಸಲಿ. ಹದಿನೈದು ನಿಮಿಷ ಆಟ. ಕೊನೆಯ ಹತ್ತು ನಿಮಿಷದಲ್ಲಿ ಇವತ್ತು ಬರೆದದ್ದನ್ನು ಹಗ್ಗಕ್ಕೆ ತೂಗು ಹಾಕುವುದು, ಜಾಗ ಸ್ವಚ್ಛ ಮಾಡುವುದು. ವಾರಕ್ಕೊಮ್ಮೆ ಸೇರುವ ತರಗತಿಯಲ್ಲಿ ಈ ಕ್ರಮ ಬದಲಾಗದಿರಲಿ. ಮುಂದೇನು ಎಂದು ಗೊತ್ತಿರುವ ಮಗುವನ್ನು ಹಿಡಿದು ಕೂರಿಸಬೇಕಾಗುವುದಿಲ್ಲ.

ಒಂದು ಹಾಳೆಯಲ್ಲಿ ಇಡೀ ಯೋಜನೆ

ಇಷ್ಟನ್ನೂ ಒಂದು ಎ4 ಹಾಳೆಯ ಎರಡು ಬದಿಗೆ ಇಳಿಸಿ. ಒಂದು ಬದಿಯಲ್ಲಿ ಕೂರುವ ನಕ್ಷೆ, ಐದು ನಿಯಮ, ಎಂಟು ರೂಢಿಗಳು ಒಂದೊಂದು ಸಾಲಿನಲ್ಲಿ. ಇನ್ನೊಂದು ಬದಿಯಲ್ಲಿ ಮೆಟ್ಟಿಲುಗಳು, ವಿಶೇಷ ಗಮನ ಬೇಕಾದ ಮಕ್ಕಳು, ಪೋಷಕರ ಕರೆಯ ಪಟ್ಟಿ, ಎರಡನೇ ಆರಂಭದ ದಿನಾಂಕ. ನೀವು ರಜೆ ಹಾಕಿದ ದಿನ ಬದಲಿಗೆ ಬರುವ ಶಿಕ್ಷಕರಿಗೆ ಮೊದಲ ಬದಿಯ ಪ್ರತಿ ಕೊಟ್ಟರೆ ತರಗತಿ ಹಳಿ ತಪ್ಪುವುದಿಲ್ಲ. ಮಕ್ಕಳ ವಿವರವಿರುವ ಬದಿ ಮಾತ್ರ ಗೋಡೆಗೂ ಗ್ರೂಪ್‌ಗೂ ಹೋಗದೆ ನಿಮ್ಮ ಫೈಲಿನಲ್ಲೇ ಇರಲಿ.

ಆರನೇ ವಾರ ಆ ಹಾಳೆ ಮತ್ತೆ ತೆಗೆದು ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ರೂಢಿ ನಾನು ಹೇಳದೆಯೇ ನಡೆಯುತ್ತಿದೆ? ದಿನದ ಯಾವ ಹೊತ್ತಿನಲ್ಲಿ ನನ್ನ ದನಿ ಏರುತ್ತಿದೆ? ಈ ವಾರ ನಾನು ಒಮ್ಮೆಯೂ ಮಾತಾಡಿಸದ ಮಗು ಯಾವುದು? ಮೊದಲನೆಯದಕ್ಕೆ ಮಕ್ಕಳ ಬೆನ್ನು ತಟ್ಟಿ. ಎರಡನೆಯದಕ್ಕೆ ರೂಢಿಯನ್ನು ತಿದ್ದಿ ಮತ್ತೆ ಕಲಿಸಿ. ಮೂರನೆಯದಕ್ಕೆ ಮಾತ್ರ ತಡ ಮಾಡಬೇಡಿ, ನಾಳೆ ಬಾಗಿಲಲ್ಲಿ ನಿಂತಾಗ ಆ ಮಗುವಿನ ಹೆಸರನ್ನು ಮೊದಲು ಕರೆಯಿರಿ.